ಟ್ಯೂಬ್‌ನಿಂದ ಮಾಯಿದ್ದಲ್ಲ ಅದು

ಮೆಡಿಕಲ್ ಶಾಪ್ ಕೌಂಟರ್ ಹಿಂದೆ ನಿಲ್ಲುವವರಿಗೆ ಗಿರಾಕಿ ಬಾಯಿ ತೆರೆಯುವ ಮೊದಲೇ ಅರ್ಧ ವಿಷಯ ಗೊತ್ತಾಗಿರುತ್ತದೆ. ಜ್ವರ, ನೆಗಡಿ, ಗ್ಯಾಸ್ ಇದ್ದವರು ನೇರವಾಗಿ ಬಂದು ಚೀಟಿ ಚಾಚುತ್ತಾರೆ. ಇನ್ನೊಂದು ಥರದವರು ಇದ್ದಾರೆ. ರಾತ್ರಿ ಶಟರ್ ಎಳೆಯುವ ಹೊತ್ತಿಗೆ ಬರುತ್ತಾರೆ, ಅಂಗಡಿಯಲ್ಲಿ ಬೇರೆಯವರು ಇದ್ದರೆ ಸುಮ್ನೆ ಪೇಸ್ಟು, ಸೋಪಿನ ರ‍್ಯಾಕ್ ನೋಡುತ್ತಾ ನಿಲ್ಲುತ್ತಾರೆ, ಎಲ್ಲರೂ ಹೋದ ಮೇಲೆ ಕೌಂಟರ್ ಮೇಲೆ ಬಗ್ಗಿ ಮೆಲ್ಲಗೆ ಕೇಳುತ್ತಾರೆ.

"ಅಣ್ಣಾ, ಗಾಯದ್ದು ಒಂದು ಟ್ಯೂಬ್ ಕೊಡ್ರಿ."

"ಎಲ್ಲಿ ಆಗ್ಯಾದ ಗಾಯ?"

"ಕೆಳಗ್ರಿ."

"ನೋವು ಅದ ಏನು?"

"ಏ ಇಲ್ರಿ, ನೋವೇನೂ ಇಲ್ಲ. ಅದಕ್ಕ ಡಾಕ್ಟರ್ ಕಡಿ ಹೋಗಿಲ್ಲ."

ನೋವಿಲ್ಲ ಅನ್ನುವ ಮಾತಿಗೇ ನನಗೆ ದಿಗಿಲು ಜಾಸ್ತಿ. ನೋವಿದ್ದರೆ ಮನುಷ್ಯ ನಾಚಿಕೆ ಬಿಟ್ಟು ಆಸ್ಪತ್ರೆಗೆ ಹೋಗುತ್ತಾನೆ. ನೋವಿಲ್ಲದ, ಅಂಚು ಗಟ್ಟಿಯಾದ, ಒಂದೇ ಒಂದು ಹುಣ್ಣು ಆ ಜಾಗದಲ್ಲಿ ಆಗಿದೆ ಅಂದರೆ ಮೊದಲು ಅನುಮಾನ ಪಡಬೇಕಾದದ್ದು ಸಿಫಿಲಿಸ್. ನಮ್ಮ ಕಡೆ ಹಳಬರು ಗರ್ಮಿ ಅಂತಾರೆ, ಗೋಡೆ ಮೇಲೆ ಬರೆಸುವವರು ಗುಪ್ತ ರೋಗ ಅಂತಾರೆ. ನಾನು ಡಾಕ್ಟರ್ ಅಲ್ಲ, ಡಿ.ಫಾರ್ಮಾ ಓದಿದವನು. ರೋಗ ಯಾವುದು ಅಂತ ಹೇಳುವುದು ನನ್ನ ಕೆಲಸ ಅಲ್ಲ. ಆದರೆ ಟ್ಯೂಬ್ ಕೊಡದೆ ಆಸ್ಪತ್ರೆಗೆ ಕಳಿಸುವುದು ನನ್ನ ಕೆಲಸವೇ.

ಅಂಗಡಿ ಇರುವುದು ಕಲಬುರಗಿಯ ಗಂಜ್ ಕಡೆ. ತೊಗರಿ ಸೀಸನ್ ಬಂತಂದರೆ ಲಾರಿಗಳ ಸಾಲು, ಹಮಾಲರು, ದಾಲ್ ಮಿಲ್ ಕೆಲಸದವರು, ಮಾಲು ತಂದ ರೈತರು. ಹಾಗಾಗಿ ಇಂಥ ಗಿರಾಕಿ ಅಂದ ತಕ್ಷಣ ಎಲ್ಲರ ತಲೆಗೆ ಬರುವುದು ಲಾರಿ ಡ್ರೈವರ್. ಡ್ರೈವರ್‌ಗಳೂ ಬರುತ್ತಾರೆ, ಸುಳ್ಳಲ್ಲ. ಅವರ ಜೊತೆಗೆ ಇಂಜಿನಿಯರಿಂಗ್ ಹುಡುಗರು ಬರುತ್ತಾರೆ, ಇಸ್ತ್ರಿ ಅಂಗಿ ಹಾಕಿದ ಮಾಸ್ತರರು ಬರುತ್ತಾರೆ, ಪುಣೆ-ಮುಂಬೈಗೆ ಗುಳೆ ಹೋಗಿ ಶರಣಬಸವಪ್ಪನ ಜಾತ್ರೆಗೆ ಅಂತ ಊರಿಗೆ ಬಂದವರು ಬರುತ್ತಾರೆ, ಮದುವೆಯಾಗಿ ವರ್ಷ ತುಂಬದವರು ಬರುತ್ತಾರೆ. ಹೆಂಗಸರು ಮಾತ್ರ ಬರುವುದಿಲ್ಲ. ಯಾಕೆ ಅನ್ನುವುದನ್ನು ಮುಂದೆ ಬರೆಯುತ್ತೇನೆ, ಇಡೀ ವಿಷಯದಲ್ಲಿ ನನಗೆ ತಡೆಯಲಾಗದ ಭಾಗ ಅದೇ.

ಮೊದಲು ಈ ರೋಗದ ಮೋಸ ಏನು ಅಂತ ನೋಡಿ. ರೋಗಾಣು ಒಳಗೆ ಹೊಕ್ಕ ದಿನ ಏನೂ ಆಗುವುದಿಲ್ಲ. 10 ದಿನದಿಂದ 90 ದಿನದ ಒಳಗೆ ಯಾವಾಗಲಾದರೂ, ಹೆಚ್ಚಾಗಿ ಮೂರು ವಾರಕ್ಕೆ, ರೋಗಾಣು ಹೊಕ್ಕ ಜಾಗದಲ್ಲೇ ಹುಣ್ಣು ಏಳುತ್ತದೆ. ಶಿಶ್ನದ ಮೇಲೆ, ಯೋನಿಯಲ್ಲಿ, ಗುದದ ಹತ್ತಿರ, ತುಟಿ ಮೇಲೆ, ಬಾಯೊಳಗೆ, ಎಲ್ಲಾದರೂ ಆಗಬಹುದು. ತೊಡೆಸಂದಿಯಲ್ಲಿ ಗಂಟು ಸಿಗುತ್ತದೆ, ಅದಕ್ಕೂ ನೋವಿಲ್ಲ. ಆಮೇಲೆ ಮೂರರಿಂದ ಆರು ವಾರದಲ್ಲಿ ಆ ಹುಣ್ಣು ತಾನಾಗೇ ಮಾಯುತ್ತದೆ. ಏನೂ ಹಚ್ಚದಿದ್ದರೂ ಮಾಯುತ್ತದೆ. ಏನು ಹಚ್ಚಿದರೂ ಮಾಯುತ್ತದೆ.

ನಮ್ಮ ಊರುಗಳಲ್ಲಿ ಇಷ್ಟೊಂದು ಜನ ಗುಪ್ತ ರೋಗದ ಮೇಲೆ ಹೊಟ್ಟೆ ಹೊರೆಯುತ್ತಿರುವ ಗುಟ್ಟು ಇದೇ. ಆ ಮೂರರಿಂದ ಆರು ವಾರದಲ್ಲಿ ಯಾರು ಏನು ಕೊಟ್ಟಿದ್ದರೋ ಅವರಿಗೆಲ್ಲ ಹೆಸರು ಬರುತ್ತದೆ. ಸ್ಟೀರಾಯ್ಡ್ ಸೇರಿಸಿದ ಕ್ರೀಮ್ ಮಾರಿದವನಿಗೆ ಹೆಸರು, ಸೊಪ್ಪು ಅರೆದು ಕೊಟ್ಟವನಿಗೆ ಹೆಸರು, ತಾಯತ ಕಟ್ಟಿದವನಿಗೆ ಹೆಸರು, ಬಸ್ ಸ್ಟ್ಯಾಂಡ್ ಹಿಂದಿನ ಲಾಡ್ಜ್ ರೂಮಿನಲ್ಲಿ ವಾರಕ್ಕೊಮ್ಮೆ ಬಂದು ಕೂತು ಸಾವಿರಗಟ್ಟಲೆ ಎಣಿಸಿಕೊಳ್ಳುವ 'ಡಾಕ್ಟರ್ ಸಾಹೇಬ'ರಿಗೆ ಎಲ್ಲರಿಗಿಂತ ದೊಡ್ಡ ಹೆಸರು. ಗುಣವಾಯ್ತು ಅಂತ ನಂಬಿದವನು ಸುಳ್ಳು ಹೇಳುತ್ತಿಲ್ಲ ಪಾಪ, ಅವನ ಕಣ್ಣ ಮುಂದೆಯೇ ಹುಣ್ಣು ಹೋಗಿದೆ. ಅವನೇ ನಾಳೆ ಗೆಳೆಯನಿಗೂ ಆ ವಿಳಾಸ ಕೊಡುತ್ತಾನೆ. ಹುಣ್ಣು ಹೋಗಿದ್ದು ಹೌದು. ರೋಗಾಣು ರಕ್ತಕ್ಕೆ ಇಳಿದಿದೆ.

ಕೆಲವು ವಾರ ಬಿಟ್ಟು ಎರಡನೇ ಆಟ ಶುರುವಾಗುತ್ತದೆ. ಮೈಮೇಲೆ ಕೆಂಪು-ಕಂದು ಬಣ್ಣದ ದದ್ದು. ವಿಶೇಷ ಅಂದರೆ ಅಂಗೈ ಮತ್ತು ಅಂಗಾಲಿನಲ್ಲೂ ಬರುತ್ತವೆ, ತುರಿಕೆ ಹೆಚ್ಚಾಗಿ ಇರುವುದಿಲ್ಲ. ಅಂಗೈ-ಅಂಗಾಲಿಗೆ ಬರುವ ದದ್ದುಗಳು ಕಡಿಮೆ, ಹಾಗಾಗಿ ಚರ್ಮದ ಡಾಕ್ಟರುಗಳು ಅದನ್ನು ಕಂಡ ಕೂಡಲೇ ರಕ್ತ ಪರೀಕ್ಷೆ ಬರೆಯುತ್ತಾರೆ. ಜೊತೆಗೆ ಸಣ್ಣ ಜ್ವರ, ಗಂಟಲು ಕೆರೆತ, ಕುತ್ತಿಗೆ-ಕಂಕುಳಲ್ಲಿ ಗಂಟು, ಕೆಲವರಿಗೆ ತಲೆಕೂದಲು ಅಲ್ಲಲ್ಲಿ ಉದುರುವುದು, ಬಾಯೊಳಗೆ ಬೂದುಬಣ್ಣದ ಮಚ್ಚೆ. ಕಲಬುರಗಿ ಬಿಸಿಲಲ್ಲಿ ಇದನ್ನೆಲ್ಲ ಏನಂತಾರೆ ಹೇಳಿ? "ಮೈ ಹೀಟ್ ಆಗ್ಯಾದ." ಮಜ್ಜಿಗೆ ಕುಡಿ, ಕಾಮಕಸ್ತೂರಿ ಬೀಜ ನೆನೆಸಿ ಕುಡಿ, ಮೊಟ್ಟೆ ತಿನ್ನಬೇಡ. ಈ ದದ್ದೂ ಹೋಗುತ್ತದೆ. ಅದೂ ತಾನಾಗೇ. ಮಜ್ಜಿಗೆಗೂ ಒಂದು ಹೆಸರು ಬಂತು.

ಆಮೇಲೆ ಮೌನ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಏನೂ ಇಲ್ಲ. ರಕ್ತ ಪರೀಕ್ಷೆಯಲ್ಲಿ ಮಾತ್ರ ಸಿಗುತ್ತದೆ. ಚಿಕಿತ್ಸೆ ಪಡೆಯದವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜನಕ್ಕೆ, 10 ರಿಂದ 30 ವರ್ಷ ಕಳೆದ ಮೇಲೆ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಉಬ್ಬುವುದೋ, ಮಿದುಳು ಕೆಡುವುದೋ, ಮೂಳೆ-ಚರ್ಮದಲ್ಲಿ ಗಡ್ಡೆ ಏಳುವುದೋ ಆಗುತ್ತದೆ. ಕಣ್ಣು, ಕಿವಿ, ನರಕ್ಕೆ ಹತ್ತುವುದಕ್ಕೆ ಅಷ್ಟು ವರ್ಷ ಕಾಯಲೇಬೇಕು ಅಂತೇನಿಲ್ಲ, ಯಾವ ಹಂತದಲ್ಲಾದರೂ ಹತ್ತಬಹುದು. ಈ ಕಾಯಿಲೆ ಇದ್ದವರಿಗೆ ದೃಷ್ಟಿ ಮಂಜಾದರೆ, ಕಿವಿ ಗುಂಯ್‌ಗುಟ್ಟಿದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು.

ಹುಣ್ಣು ತೆರೆದಿರುವಾಗ ಎಚ್‌ಐವಿ ಹತ್ತುವುದೂ ಸಲೀಸು, ಹತ್ತಿಸುವುದೂ ಸಲೀಸು. ಅದಕ್ಕೇ ಎರಡೂ ಟೆಸ್ಟ್ ಒಟ್ಟಿಗೆ ಮಾಡುತ್ತಾರೆ. ಅವಮಾನ ಮಾಡಲಿಕ್ಕೆ ಅಂತ ಮಾಡುವುದಲ್ಲ.

ಹೇಗೆ ಹರಡುತ್ತದೆ ಅನ್ನುವುದರಲ್ಲಿ ಬೇಕಾದಷ್ಟು ಕಥೆಗಳಿವೆ. ಪಬ್ಲಿಕ್ ಟಾಯ್ಲೆಟ್, ಲಾಡ್ಜಿನ ಬೆಡ್‌ಶೀಟ್, ಬೇರೆಯವರ ಲುಂಗಿ, ತಟ್ಟೆ-ಲೋಟ. ಇವುಗಳಿಂದ ಬರುವುದಿಲ್ಲ. ಈ ರೋಗಾಣು ಮೈಯಿಂದ ಹೊರಗೆ ಬಂದರೆ ಹೆಚ್ಚು ಹೊತ್ತು ಬಾಳುವುದಿಲ್ಲ. ಲ್ಯಾಬ್‌ಗಳಲ್ಲಿ ಬೆಳೆಸಲಿಕ್ಕೂ ಆಗದೆ ವಿಜ್ಞಾನಿಗಳು ಬಹಳ ಕಾಲ ಮೊಲದ ಮೈಯಲ್ಲಿ ಬೆಳೆಸಿ ಇಟ್ಟುಕೊಳ್ಳಬೇಕಾಯಿತು. ಹರಡುವುದು ಹುಣ್ಣಿಗೆ ನೇರವಾಗಿ ಚರ್ಮ ತಾಗಿದಾಗ: ಯೋನಿ, ಗುದ, ಬಾಯಿ, ಯಾವ ಥರದ ಸಂಭೋಗವಾದರೂ ಸರಿ. ಬಾಯಲ್ಲಿ ಹುಣ್ಣಿದ್ದರೆ ಮುತ್ತಿನಿಂದಲೂ. ಮತ್ತೆ, ಬಸುರಿ ತಾಯಿಯಿಂದ ಮಗುವಿಗೆ. ಬಾಯಿಯದ್ದು ಲೆಕ್ಕಕ್ಕಿಲ್ಲ ಅಂತ ಕಾಲೇಜು ಹುಡುಗರು ತಿಳಿದಿದ್ದಾರೆ. ಲೆಕ್ಕಕ್ಕಿದೆ ಮಾರಾಯ್ರೇ.

ಹಳೇ ಕಾಲದಲ್ಲಿ ಇದಕ್ಕೆ ಕೊಡುತ್ತಿದ್ದ ಚಿಕಿತ್ಸೆ ಓದಿದರೆ ಮೈ ಜುಂ ಅನ್ನುತ್ತದೆ. 16ನೇ ಶತಮಾನದ ಭಾವಪ್ರಕಾಶ ಅನ್ನುವ ಆಯುರ್ವೇದ ಗ್ರಂಥದಲ್ಲಿ ಇದಕ್ಕೆ ಫಿರಂಗ ರೋಗ ಅಂತ ಹೆಸರಿದೆ, ಮದ್ದು ಅಂತ ಪಾದರಸ ಮತ್ತು ಚೋಬ್‌ಚೀನಿ ಅನ್ನುವ ಬೇರು. ಯುರೋಪಿನಲ್ಲೂ ನೂರಾರು ವರ್ಷ ಪಾದರಸವೇ. ಹಲ್ಲು ಉದುರಿ, ಜೊಲ್ಲು ಸುರಿದು, ರೋಗಕ್ಕಿಂತ ಮೊದಲು ಮದ್ದಿಗೇ ಸತ್ತವರು ಎಷ್ಟೋ ಜನ. 1905ರಲ್ಲಿ ಜರ್ಮನಿಯ ಶೌಡಿನ್ ಮತ್ತು ಹಾಫ್‌ಮನ್ ರೋಗಾಣುವನ್ನು ಕಂಡುಹಿಡಿದರು. 1910ರಲ್ಲಿ ಎರ್ಲಿಚ್ ಅವರ ಆರ್ಸೆನಿಕ್ ಮದ್ದು ಸಾಲ್ವರ್ಸಾನ್ ಮಾರುಕಟ್ಟೆಗೆ ಬಂತು. ಮಿದುಳಿಗೆ ಹತ್ತಿದವರಿಗೆ ಬೇಕಂತಲೇ ಮಲೇರಿಯಾ ಹತ್ತಿಸಿ, ಆ ಜ್ವರದಿಂದ ರೋಗಾಣು ಸಾಯಿಸುವ ಪದ್ಧತಿಯೂ ಇತ್ತು. ಅದಕ್ಕೆ ವಾಗ್ನರ್-ಯೌರೆಗ್ ಅನ್ನುವ ಡಾಕ್ಟರಿಗೆ 1927ರಲ್ಲಿ ನೊಬೆಲ್ ಕೂಡ ಸಿಕ್ಕಿತು! 1943ರಲ್ಲಿ ಪೆನಿಸಿಲಿನ್ ಕೊಟ್ಟು ನೋಡಿದರು, ಅಲ್ಲಿಗೆ ಕಥೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಅಮೆರಿಕದ ಅಲಬಾಮಾದ ಟಸ್ಕೆಗೀ ಅನ್ನುವ ಕಡೆ 1932ರಿಂದ 1972ರ ತನಕ ಸರ್ಕಾರದ ಡಾಕ್ಟರುಗಳೇ 399 ಕಪ್ಪು ಜನಾಂಗದ ರೋಗಿಗಳನ್ನು ಚಿಕಿತ್ಸೆ ಕೊಡದೆ ಸುಮ್ನೆ ನೋಡುತ್ತಾ ಕೂತರು, ರೋಗ ಬಿಟ್ಟರೆ ಏನೇನಾಗುತ್ತದೆ ಅಂತ ಬರೆದುಕೊಳ್ಳಲಿಕ್ಕೆ. ಪೆನಿಸಿಲಿನ್ ಎಲ್ಲೆಡೆ ಸಿಗುವಂತಾದ ಮೇಲೂ ಅವರಿಗೆ ಕೊಡಲಿಲ್ಲ. ರೋಗದ ಹೆಸರನ್ನೂ ಹೇಳಲಿಲ್ಲ, "ನಿಮ್ಮ ರಕ್ತ ಕೆಟ್ಟಿದೆ" ಅಂತಷ್ಟೇ ಹೇಳಿದರು. ಅಧ್ಯಕ್ಷರು ಕ್ಷಮೆ ಕೇಳಿದ್ದು 1997ರಲ್ಲಿ. ರಕ್ತ ಕೆಟ್ಟಿದೆ ಅನ್ನುವ ಮಾತನ್ನು ನಾನು ನಮ್ಮ ಊರಲ್ಲೂ ಕೇಳಿದ್ದೇನೆ, ರಕ್ತಶುದ್ಧಿ ಟಾನಿಕ್ ಕೇಳಿಕೊಂಡು ಬರುವವರ ಬಾಯಲ್ಲಿ.

ಈಗಲೂ ಮದ್ದು ಅದೇ ಪೆನಿಸಿಲಿನ್, 80 ವರ್ಷ ದಾಟಿದರೂ. ಬೇರೆ ರೋಗಾಣುಗಳು ಒಂದೊಂದೇ ಆಂಟಿಬಯೋಟಿಕ್‌ಗೆ ಸಡ್ಡು ಹೊಡೆಯುತ್ತಿರುವಾಗ ಇದು ಮಾತ್ರ ಪೆನಿಸಿಲಿನ್‌ಗೆ ಇನ್ನೂ ಬಗ್ಗುತ್ತದೆ. ಅಜಿತ್ರೋಮೈಸಿನ್‌ಗೆ ಜಗತ್ತಿನ ಎಷ್ಟೋ ಕಡೆ ಬಗ್ಗುವುದಿಲ್ಲ. ನಮ್ಮಲ್ಲಿ ಕೆಮ್ಮಿಗೂ ನೆಗಡಿಗೂ ಮೂರು ಮಾತ್ರೆಯ ಆ ಸ್ಟ್ರಿಪ್ ನುಂಗುವುದು ಚಟವಾಗಿದೆಯಲ್ಲ, ಗುಪ್ತ ರೋಗಕ್ಕೂ ಅದನ್ನೇ ನುಂಗಿ ಸುಮ್ಮನಾಗುವವರಿಗೆ ಈ ಮಾತು ಹೇಳಬೇಕು.

ಇಂಜೆಕ್ಷನ್ ಹೆಸರು ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯೂನಿಟ್. ಸಣ್ಣ ಬಾಟಲಿಯಲ್ಲಿ ಬಿಳಿ ಪುಡಿ ಇರುತ್ತದೆ. ನೀರು ಹಾಕಿ ಅಲುಗಾಡಿಸಿದರೆ ಗಟ್ಟಿ ಹಾಲಿನಂತೆ ಆಗುತ್ತದೆ, ಪೂರ್ತಿ ಕರಗುವುದಿಲ್ಲ. ತೆಳ್ಳಗಿನ ಸೂಜಿಯಲ್ಲಿ ಎಳೆದರೆ ಅರ್ಧಕ್ಕೇ ಕಟ್ಟಿಕೊಳ್ಳುತ್ತದೆ, ಅದಕ್ಕೆ ದಪ್ಪ ಸೂಜಿ ಬೇಕು. ಎಳೆದ ಮೇಲೆ ತಡ ಮಾಡಬಾರದು, ಚುಚ್ಚುವಾಗ ಆತುರ ಮಾಡಬಾರದು. ಅರ್ಧ ಒಂದು ಕುಂಡಿಗೆ, ಅರ್ಧ ಇನ್ನೊಂದಕ್ಕೆ. ನೋವಾಗುತ್ತದೆ, ಎರಡು ದಿನ ಕುಂಟುತ್ತಾ ಓಡಾಡಬೇಕು. ಆ ಹಾಲು ಮಾಂಸದಲ್ಲಿ ಕೂತು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ರಕ್ತಕ್ಕೆ ಇಳಿಯುತ್ತದೆ. ಹಾಗೇ ಇಳಿಯಬೇಕು ಕೂಡ, ಯಾಕಂದರೆ ಈ ರೋಗಾಣು ಬಲು ನಿಧಾನ, ಒಂದು ಎರಡಾಗಲಿಕ್ಕೆ 30 ಗಂಟೆ ಮೇಲೆ ಬೇಕು. ಬೆಳೆಯುವಾಗಲೇ ಪೆನಿಸಿಲಿನ್ ಅದನ್ನು ಹಿಡಿಯುವುದು. ಎರಡು ದಿನ ಮಾತ್ರೆ ನುಂಗಿ ಬಿಟ್ಟರೆ ಹುಣ್ಣು ಒಣಗುತ್ತದೆ, ರೋಗ ಉಳಿಯುತ್ತದೆ.

ಹೊಸ ರೋಗಕ್ಕೆ ಒಂದೇ ಸಲ ಸಾಕು. ಹಳೆಯದಾದರೆ, ಅಥವಾ ಯಾವಾಗ ಬಂತು ಅಂತ ಗೊತ್ತಾಗದಿದ್ದರೆ, ವಾರಕ್ಕೊಂದರಂತೆ ಮೂರು. ಮಿದುಳು-ಕಣ್ಣಿಗೆ ಹತ್ತಿದರೆ ಆಸ್ಪತ್ರೆಗೆ ಸೇರಿಸಿ ಬೇರೆ ಥರದ ಪೆನಿಸಿಲಿನ್ ರಕ್ತನಾಳಕ್ಕೆ ಕೊಡುತ್ತಾರೆ. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಎರಡು ವಾರ ಅಥವಾ ಜಾಸ್ತಿ, ಆದರೆ ಬಸುರಿಯರಿಗೆ ಅದು ಆಗುವುದಿಲ್ಲ. ಅಲರ್ಜಿ ಭಯಕ್ಕೆ ಎಷ್ಟೋ ಸಣ್ಣ ಕ್ಲಿನಿಕ್‌ನವರು ಈ ಇಂಜೆಕ್ಷನ್ ಮುಟ್ಟುವುದೇ ಇಲ್ಲ. ಅವರ ಭಯವೂ ತಪ್ಪಲ್ಲ, ತುರ್ತು ಔಷಧಿ ಕೈಗೆ ಸಿಗುವ ಕಡೆಯೇ ಇದನ್ನು ಹಾಕಿಸಿಕೊಳ್ಳಬೇಕು. ಹಾಗಂತ ಇದೇನು ಅಪರೂಪದ ಭಯಂಕರ ಮದ್ದಲ್ಲ. ಸಂಧಿವಾತ ಜ್ವರದಿಂದ ಹೃದಯದ ವಾಲ್ವ್ ಕೆಟ್ಟ ಮಕ್ಕಳಿಗೆ 21 ದಿನಕ್ಕೊಮ್ಮೆ ವರ್ಷಗಟ್ಟಲೆ ಹಾಕಿಸುವುದು ಇದನ್ನೇ, ಪ್ರಮಾಣ ಕಡಿಮೆ ಅಷ್ಟೇ.

ಹಾಕಿಸಿಕೊಂಡ ದಿನವೇ ಕೆಲವರಿಗೆ ಚಳಿ-ಜ್ವರ, ತಲೆನೋವು, ಮೈಕೈ ನೋವು ಬರುತ್ತದೆ. ರೋಗಾಣುಗಳು ಒಟ್ಟಿಗೆ ಸಾಯುವಾಗ ಹಾಗಾಗುತ್ತದೆ, ಒಂದು ದಿನದಲ್ಲಿ ಇಳಿಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ "ಇಂಜೆಕ್ಷನ್ ಆಗಿ ಬರಲಿಲ್ಲ" ಅಂತ ಮುಂದಿನ ವಾರದ ಡೋಸ್‌ಗೆ ಹೋಗುವುದೇ ಇಲ್ಲ.

ಟೆಸ್ಟಿನ ರಿಪೋರ್ಟ್ ಹಿಡಿದು ಬರುವವರ ಗೊಂದಲ ಬೇರೆಯೇ. ನಮ್ಮ ಕಲಬುರಗಿ, ಬೀದರ್ ಕಡೆಯಿಂದ ಸೌದಿ, ದುಬೈಗೆ ಹೋಗುವವರು ಬಹಳ. ಆ ವೀಸಾದ ಮೆಡಿಕಲ್‌ನಲ್ಲಿ ಸಿಫಿಲಿಸ್ ಟೆಸ್ಟೂ ಇರುತ್ತದೆ. ರಕ್ತದಾನ ಮಾಡಿದಾಗಲೂ ಬ್ಲಡ್ ಬ್ಯಾಂಕಿನಲ್ಲಿ ಕಡ್ಡಾಯವಾಗಿ ನೋಡುತ್ತಾರೆ. ಏನೂ ತೊಂದರೆ ಇಲ್ಲದ ಮನುಷ್ಯನ ಕೈಗೆ ಒಮ್ಮೆಲೇ 'ರಿಯಾಕ್ಟಿವ್', ಅಂದರೆ ಪಾಸಿಟಿವ್, ಅಂತ ಬರೆದ ಕಾಗದ ಬಂದರೆ ಅವನ ಗತಿ ಏನು?

ಟೆಸ್ಟ್‌ನಲ್ಲಿ ಎರಡು ಜಾತಿ. ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಒಂದು, ಅದರಲ್ಲಿ 1:8, 1:32 ಅಂತ ಲೆಕ್ಕ ಬರುತ್ತದೆ, ಎರಡನೇ ಅಂಕಿ ದೊಡ್ಡದಾದಷ್ಟೂ ಲೆಕ್ಕ ಜಾಸ್ತಿ ಅಂತ ಅರ್ಥ. ಟಿಪಿಎಚ್‌ಎ ಇನ್ನೊಂದು. ಮೊದಲನೆಯದು ಬೇರೆ ಕಾರಣಕ್ಕೂ ಪಾಸಿಟಿವ್ ಆಗಬಹುದು: ಮಲೇರಿಯಾ, ಕುಷ್ಠ, ಕೆಲವು ವಾತದ ಕಾಯಿಲೆ, ಕೆಲವೊಮ್ಮೆ ಬರೀ ಗರ್ಭ. ಅದಕ್ಕೆ ಎರಡನೆಯದನ್ನೂ ಮಾಡಿಸಿ ಗಟ್ಟಿ ಮಾಡಿಕೊಳ್ಳುತ್ತಾರೆ. ಚಿಕಿತ್ಸೆ ಆದ ಮೇಲೆ ಮೊದಲನೆಯದರ ಲೆಕ್ಕ ಇಳಿಯಬೇಕು, 1:32 ಇದ್ದದ್ದು ಆರು ತಿಂಗಳು-ವರ್ಷದಲ್ಲಿ 1:8 ಅಥವಾ ಕೆಳಗೆ ಬರಬೇಕು. ಟಿಪಿಎಚ್‌ಎ ಮಾತ್ರ ಹೆಚ್ಚಿನವರಿಗೆ ಜೀವನಪೂರ್ತಿ ಪಾಸಿಟಿವ್ ಆಗೇ ಇರುತ್ತದೆ, ರೋಗ ಪೂರ್ತಿ ಹೋಗಿದ್ದರೂ. ಇದು ಗೊತ್ತಿಲ್ಲದೆ ಗುಣವಾದವನೂ ಮತ್ತೆ ಮತ್ತೆ ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತಾನೆ. ಹಾಗಾಗಿ ಚಿಕಿತ್ಸೆಯ ಚೀಟಿ, ಹಳೇ ರಿಪೋರ್ಟ್ ಎಸೆಯಬೇಡಿ. ಆಧಾರ್ ಕಾರ್ಡ್ ಇಟ್ಟ ಕಡೆ ಇಡಿ. ಹುಣ್ಣು ಎದ್ದ ಹೊಸದರಲ್ಲಿ ಟೆಸ್ಟ್ ನೆಗೆಟಿವ್ ಬರುವುದೂ ಉಂಟು, ಡಾಕ್ಟರ್ ಕೆಲವು ವಾರ ಬಿಟ್ಟು ಮತ್ತೆ ಬಾ ಅಂದರೆ ಹೋಗಬೇಕು.

ಇನ್ನು ಹೆಂಗಸರ ವಿಷಯ. ಅವರು ಟ್ಯೂಬ್ ಕೇಳಲಿಕ್ಕೆ ಯಾಕೆ ಬರುವುದಿಲ್ಲ ಅಂದರೆ, ಎಷ್ಟೋ ಜನಕ್ಕೆ ಹುಣ್ಣು ಕಾಣುವುದೇ ಇಲ್ಲ. ಒಳಗೆ, ಗರ್ಭಕೋಶದ ಬಾಯಿಯ ಹತ್ತಿರ ಆಗಿರುತ್ತದೆ. ನೋವೂ ಇಲ್ಲ, ಕಾಣುವುದೂ ಇಲ್ಲ. ಅವರಿಗೆ ಗೊತ್ತಾಗುವುದು ಬಸುರಿಯಾಗಿ ತಾಯಿ ಕಾರ್ಡ್ ಮಾಡಿಸಿ ರಕ್ತ ಕೊಟ್ಟಾಗ. ಮನೆ ಬಿಟ್ಟು ಆಚೆ ಹೋಗದ ಹೆಣ್ಣುಮಗಳಿಗೆ ಅಲ್ಲಿ ಗೊತ್ತಾಗುತ್ತದೆ. ಆಮೇಲೆ ಅತ್ತೆ ಮನೆಯಲ್ಲಿ ಪ್ರಶ್ನೆ ಕೇಳುವುದು ಯಾರನ್ನು? ಅವಳನ್ನೇ. ಗಂಡ ಅಷ್ಟರಲ್ಲಿ ಎರಡು ಟ್ಯೂಬ್ ಹಚ್ಚಿ, ತನಗೆ ಗುಣವಾಯಿತು ಅಂತ ಮರೆತೇ ಬಿಟ್ಟಿರುತ್ತಾನೆ.

ಬಸುರಿಯಲ್ಲಿ ಇದನ್ನು ಹಾಗೇ ಬಿಟ್ಟರೆ ಮಗು ಹೊಟ್ಟೆಯಲ್ಲೇ ಹೋಗಬಹುದು, ತೂಕ ಕಡಿಮೆ ಹುಟ್ಟಬಹುದು, ಹುಟ್ಟಿ ಕೆಲವು ದಿನಕ್ಕೆ ಸಾಯಬಹುದು, ಬದುಕಿದರೂ ಮೂಳೆ, ಹಲ್ಲು, ಕಣ್ಣು, ಕಿವಿ ಕೆಡಬಹುದು. 2022ರಲ್ಲಿ ಜಗತ್ತಿನಲ್ಲಿ 15-49 ವಯಸ್ಸಿನ 80 ಲಕ್ಷ ಜನಕ್ಕೆ ಹೊಸದಾಗಿ ಸಿಫಿಲಿಸ್ ಬಂದಿದೆ, ಸುಮಾರು 7 ಲಕ್ಷ ಮಕ್ಕಳಿಗೆ ತಾಯಿ ಹೊಟ್ಟೆಯಲ್ಲೇ ತಗುಲಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮೊದಲ ತಿಂಗಳುಗಳಲ್ಲೇ ಟೆಸ್ಟ್ ಆಗಿ ಹೆರಿಗೆಗೆ 30 ದಿನ ಮೊದಲಾದರೂ ತಾಯಿಗೆ ಪೆನಿಸಿಲಿನ್ ಬಿದ್ದರೆ ಹೆಚ್ಚುಕಮ್ಮಿ ಎಲ್ಲ ಮಕ್ಕಳನ್ನೂ ಉಳಿಸಬಹುದು. ಅದಕ್ಕೆ ಬಸುರಿ ಅಂತ ತಿಳಿದ ಕೂಡಲೇ ಕಾರ್ಡ್ ಮಾಡಿಸಿ. ಐದನೇ ತಿಂಗಳ ಸೀಮಂತ ಆಗಲಿ, ಆಮೇಲೆ ನೋಡೋಣ ಅನ್ನುವ ಹಿರಿಯರಿಗೆ ಗಟ್ಟಿಯಾಗಿ ಇಲ್ಲ ಅನ್ನಿ.

ಮತ್ತೆ ಗಂಡಹೆಂಡತಿ ಇಬ್ಬರೂ ಒಟ್ಟಿಗೆ ಚಿಕಿತ್ಸೆ ತಗೋಬೇಕು. ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲ ಅಂತೇನಿಲ್ಲ ಇದು. ಒಬ್ಬರು ಮಾತ್ರ ತಗೊಂಡರೆ ಇನ್ನೊಬ್ಬರಿಂದ ವಾಪಸ್ ಬರುತ್ತದೆ. ಮದುವೆ ಆಚೆಗಿನ ಸಂಬಂಧ ಇದ್ದರೆ ಅವರಿಗೂ ಹೇಳಬೇಕು, ಎಷ್ಟೇ ಕಷ್ಟವಾದರೂ. ಚಿಕಿತ್ಸೆ ಮುಗಿದು ಹುಣ್ಣು ಪೂರ್ತಿ ಮಾಯುವ ತನಕ ಕೂಡಬಾರದು.

ಕಾಂಡೋಮ್ ಬಗ್ಗೆ ಎರಡು ಮಾತು, ದಿನಾ ಮಾರುವವನಾಗಿ. ಅದು ಅಪಾಯ ತುಂಬಾ ಕಡಿಮೆ ಮಾಡುತ್ತದೆ, ಆದರೆ ಅದು ಮುಚ್ಚದ ಜಾಗದಲ್ಲಿ ಹುಣ್ಣಿದ್ದರೆ ತಡೆಯುವುದಿಲ್ಲ. ಪೇಪರಿನಲ್ಲಿ ಸುತ್ತಿ ಕರಿ ಕವರಿಗೆ ಹಾಕಿಸಿಕೊಂಡು ಹೋದ ಪ್ಯಾಕೆಟ್ಟನ್ನು ಜನ ಇಡುವುದು ಎಲ್ಲಿ? ಮನೆಯಲ್ಲಿ ಇಡುವ ಹಾಗಿಲ್ಲ, ಹಾಗಾಗಿ ಪರ್ಸಿನಲ್ಲಿ, ಬೈಕಿನ ಸೀಟ್ ಕೆಳಗೆ. ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುತ್ತದೆ, ನಿಂತ ಬೈಕಿನ ಸೀಟ್ ಕೆಳಗೆ ಇನ್ನೂ ಜಾಸ್ತಿ. ಆ ಬಿಸಿಗೆ ರಬ್ಬರ್ ಸತ್ತುಹೋಗಿರುತ್ತದೆ, ಹಾಕಿದ ಕೂಡಲೇ ಹರಿಯುತ್ತದೆ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿದರೂ ಅಷ್ಟೇ, ಎಣ್ಣೆ ತಾಗಿದರೆ ಲ್ಯಾಟೆಕ್ಸ್ ನಿಮಿಷಗಳಲ್ಲಿ ದುರ್ಬಲವಾಗುತ್ತದೆ. ಬೇಕಿದ್ದರೆ ನೀರಿನ ಜೆಲ್ ಕೇಳಿ ತಗೊಳ್ಳಿ. ಕೇಳಲಿಕ್ಕೆ ನಾಚಿಕೆಯಾದರೆ ಮೊಬೈಲ್‌ನಲ್ಲಿ ಟೈಪ್ ಮಾಡಿ ತೋರಿಸಿ, ನಮಗೇನೂ ಅನಿಸುವುದಿಲ್ಲ.

ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕು ಅನ್ನುವುದು ಕೊನೆಯ ಪ್ರಶ್ನೆ. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಅಂತ ಇರುತ್ತದೆ, ಈ ಥರದ ರೋಗಗಳಿಗೆ ಅಂತಲೇ. ಸಮಾಲೋಚಕರು ಇರುತ್ತಾರೆ, ಮಾತಾಡಿದ್ದು ಹೊರಗೆ ಹೋಗಬಾರದು ಅನ್ನುವ ನಿಯಮವಿದೆ. ಟೆಸ್ಟು, ಮದ್ದು ಎರಡೂ ಉಚಿತ. ಔಷಧಿಯನ್ನು ಬಣ್ಣದ ಕಿಟ್‌ಗಳಲ್ಲಿ ಕೊಡುತ್ತಾರೆ, ಜನನಾಂಗದ ಹುಣ್ಣಿಗೆ ಬಿಳಿ ಕಿಟ್, ಪೆನಿಸಿಲಿನ್ ಆಗದವರಿಗೆ ನೀಲಿ. ಹೋಗುವ ಮೊದಲು ಕೇಳಬೇಕು ಅನಿಸಿದರೆ 1097ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ದುಡ್ಡು ಕಟ್ಟಾಗುವುದಿಲ್ಲ, ಸಿಫಿಲಿಸ್ ಬಗ್ಗೆಯೂ ಹೇಳುತ್ತಾರೆ.

"ದವಾಖಾನಿಗೆ ಹೋದ್ರ ನಮ್ಮ ಊರವರು ಯಾರರ ನೋಡ್ತಾರ್ರಿ" ಅಂತಾರೆ ಗಿರಾಕಿಗಳು. ಸರಿ, ಆ ಭಯ ಸುಳ್ಳಲ್ಲ. ಹಾಗಿದ್ದರೆ ಯಾದಗಿರಿಯವರು ಕಲಬುರಗಿಗೆ ಬನ್ನಿ, ಕಲಬುರಗಿಯವರು ಬೀದರ್‌ಗೆ ಹೋಗಿ, ಬೀದರ್‌ನವರು ಎಲ್ಲಿಗಾದರೂ ಹೋಗಿ. ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಚರ್ಮರೋಗ ವಿಭಾಗ ಅಂತ ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ, ಅರ್ಧ ಸಾಲು ಗಜಕರ್ಣದವರೇ ಇರುತ್ತಾರೆ. ಬಸ್ ಚಾರ್ಜ್ ಲಾಡ್ಜ್ ಡಾಕ್ಟರ್ ಫೀಸಿಗಿಂತ ಎಷ್ಟೋ ಕಡಿಮೆ.